ಅಭಿಮಾನಿಗಳ ಗುಂಪು ಜಪಾನಿಗೆ ಹೊರಟಾಗ: ಟಿಕೆಟ್, ಪಾಸ್, ಊಟದ ಲೆಕ್ಕಾಚಾರ

ಪ್ರಶ್ನೆ: ನಾವು ಒಂಬತ್ತು ಮಂದಿ ಆ್ಯನಿಮೆ (ಜಪಾನಿ ಕಾರ್ಟೂನ್) ಅಭಿಮಾನಿಗಳು. ದಸರಾ ರಜೆ ಸೇರಿಸಿಕೊಂಡು ಅಕ್ಟೋಬರ್‌ನಲ್ಲಿ ಹತ್ತು ದಿನ ಜಪಾನ್ ಸುತ್ತುವ ಆಸೆ. ಆ್ಯನಿಮೆ ಸ್ಟುಡಿಯೊ ಗಿಬ್ಲಿಯ ಹೆಸರಿನ ಗಿಬ್ಲಿ ಮ್ಯೂಸಿಯಂ, ಗಿಬ್ಲಿ ಪಾರ್ಕ್, ವಿಡಿಯೊ ಗೇಮ್ ಕಂಪನಿಯ ನಿಂಟೆಂಡೊ ಮ್ಯೂಸಿಯಂ ಮೂರನ್ನೂ ಬಿಡುವ ಹಾಗಿಲ್ಲ. ಮೊದಲು ವಿಮಾನದ ಟಿಕೆಟ್ ತೆಗೆಯಬೇಕೋ, ಹೋಟೆಲ್ ಬುಕ್ ಮಾಡಬೇಕೋ? (ಮೈಸೂರು)

ಉತ್ತರ: ಈ ಮೂರು ಜಾಗಗಳ ಟಿಕೆಟ್ ಯಾವಾಗ ಬಿಡುಗಡೆಯಾಗುತ್ತದೆ ಎಂಬುದನ್ನು ಮೊದಲು ಕ್ಯಾಲೆಂಡರಿಗೆ ಹಾಕಿಕೊಳ್ಳಿ. ಮೂರಕ್ಕೂ ದಿನ, ಸಮಯ ನಿಗದಿಯಾದ ಮುಂಗಡ ಟಿಕೆಟ್ ಬೇಕು. ಬಾಗಿಲಿಗೆ ಹೋಗಿ ಕೊಳ್ಳುತ್ತೇವೆಂದರೆ ಆಗದು.

ಅಕ್ಟೋಬರ್ ಪ್ರವಾಸವಾದರೆ ಕೆಲಸ ಜುಲೈಯಲ್ಲೇ ಶುರು. ಕ್ಯೋಟೊ ಪಕ್ಕದ ಉಜಿಯಲ್ಲಿ 2024ರ ಅಕ್ಟೋಬರ್‌ನಲ್ಲಿ ತೆರೆದ ನಿಂಟೆಂಡೊ ಮ್ಯೂಸಿಯಂ ಲಾಟರಿ ಎತ್ತಿ ಟಿಕೆಟ್ ಕೊಡುತ್ತದೆ. ಮೂರು ತಿಂಗಳು ಮುಂಚೆ ಅರ್ಜಿ ಹಾಕಬೇಕು, ಅದಕ್ಕೆ ನಿಂಟೆಂಡೊ ಅಕೌಂಟ್ ಬೇಕು. ಜುಲೈ ಪೂರ್ತಿ ಅರ್ಜಿಗೆ ಅವಕಾಶ, ಆಗಸ್ಟ್ 1ಕ್ಕೆ ಫಲಿತಾಂಶ. ಉಳಿದ ಟಿಕೆಟ್‌ಗಳು ಆಮೇಲೆ ಮೊದಲು ಬಂದವರಿಗೆ ಸಿಗುತ್ತವೆ. ನಗೋಯಾ ಬಳಿಯ ನಗಾಕುತೆಯಲ್ಲಿರುವ ಗಿಬ್ಲಿ ಪಾರ್ಕಿನ ಟಿಕೆಟ್ ಎರಡು ತಿಂಗಳು ಮುಂಚೆ, ಅಂದರೆ ಆಗಸ್ಟ್ 10ಕ್ಕೆ. ಟೋಕಿಯೊದ ಮಿತಾಕಾದಲ್ಲಿರುವ ಗಿಬ್ಲಿ ಮ್ಯೂಸಿಯಂ ಪ್ರತಿ ತಿಂಗಳ 10ರಂದು ಮುಂದಿನ ತಿಂಗಳ ಟಿಕೆಟ್ ಬಿಡುತ್ತದೆ. ನಿಮಗೆ ಅದು ಸೆಪ್ಟೆಂಬರ್ 10, ಜಪಾನಿನ ಬೆಳಿಗ್ಗೆ 10 ಗಂಟೆ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದಿರುವುದರಿಂದ ನಮ್ಮಲ್ಲಿ ಆಗ ಬೆಳಿಗ್ಗೆ 6.30. ಹತ್ತು ಗಂಟೆ ಅಂದುಕೊಂಡು ತಿಂಡಿ ಮುಗಿಸಿ ಕೂತರೆ ಒಳ್ಳೆಯ ದಿನಗಳೆಲ್ಲ ಖಾಲಿಯಾಗಿರುತ್ತವೆ.

ಟಿಕೆಟ್ ಕೈತಪ್ಪುವುದು ಬಹಳ ಸಲ ಹಣ ಕಟ್ಟುವ ಹಂತದಲ್ಲಿ. ನಮ್ಮ ಬ್ಯಾಂಕ್ ಕಾರ್ಡುಗಳಲ್ಲಿ ವಿದೇಶಿ ಆನ್‌ಲೈನ್ ವ್ಯವಹಾರ ನಾವಾಗಿ ಆನ್ ಮಾಡುವವರೆಗೆ ಆಫ್ ಆಗಿರುತ್ತದೆ. ಹಿಂದಿನ ದಿನವೇ ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ಆನ್ ಮಾಡಿ, ಮಿತಿ ಹೆಚ್ಚಿಸಿ. ಎರಡನೆಯ ಕಾರ್ಡೊಂದು ಕೈಯಲ್ಲಿರಲಿ. ಒಬ್ಬರು ಕೊಳ್ಳಬಹುದಾದ ಟಿಕೆಟ್‌ಗೆ ಮಿತಿ ಇರುವುದರಿಂದ ಒಂಬತ್ತು ಮಂದಿಯನ್ನು ಮೂರು ಮೂರಾಗಿ ಒಡೆದು, ಮೂವರು ಒಂದೇ ಹೊತ್ತಿಗೆ ಲಾಗಿನ್ ಆಗಲಿ. ಒಂದೇ ಸಮಯದ ಪ್ರವೇಶ ಎಲ್ಲರಿಗೂ ಸಿಗದಿದ್ದರೆ ಗಂಟೆ ಹಿಂದುಮುಂದಾದರೂ ತೆಗೆದುಬಿಡಿ, ಒಳಗೆ ಹೋದಮೇಲೆ ಸೇರಿಕೊಳ್ಳಬಹುದು. ಯಾರ ಹೆಸರಿನಲ್ಲಿ ಗಿಬ್ಲಿ ಮ್ಯೂಸಿಯಂ ಟಿಕೆಟ್ ಕೊಂಡಿರುತ್ತೀರೋ ಅವರು ಪಾಸ್‌ಪೋರ್ಟ್ ಸಮೇತ ತಮ್ಮ ಪಾಲಿನವರ ಜೊತೆಗೇ ಒಳಗೆ ಹೋಗಬೇಕು.

ಅನೇಕರು ಗಮನಿಸದ ಇನ್ನೊಂದು ವಿಷಯ ಮಂಗಳವಾರದ್ದು. ಈ ಮೂರಕ್ಕೂ ಸಾಮಾನ್ಯವಾಗಿ ಮಂಗಳವಾರವೇ ವಾರದ ರಜೆ. ಡೊರೇಮಾನ್ ಪ್ರಿಯರು ಹೋಗುವ ಕವಾಸಾಕಿಯ ಫುಜಿಕೊ ಎಫ್. ಫುಜಿಯೊ ಮ್ಯೂಸಿಯಂ ಕೂಡ ಅಂದೇ ಮುಚ್ಚಿರುತ್ತದೆ. ಆದ್ದರಿಂದ ಮಂಗಳವಾರವನ್ನು ಊರಿಂದೂರಿಗೆ ರೈಲಿನಲ್ಲಿ ಹೋಗುವುದಕ್ಕೋ ಕ್ಯೋಟೊದ ದೇವಾಲಯಗಳಿಗೋ ಎತ್ತಿಡಿ.

ಇಷ್ಟು ಕೂತರೆ ಉಳಿದದ್ದು ತಾನಾಗಿ ಜೋಡಿಸಿಕೊಳ್ಳುತ್ತದೆ: ಟೋಕಿಯೊ ಐದು ರಾತ್ರಿ, ನಗೋಯಾ ಒಂದು, ಕ್ಯೋಟೊ ಮೂರು. ಬೆಂಗಳೂರಿನಿಂದ ನರಿಟಾಕ್ಕೆ ನೇರ ವಿಮಾನವಿದೆ. ವಾಪಸಾಗುವಾಗ ಒಸಾಕಾದ ಕನ್ಸಾಯ್ ನಿಲ್ದಾಣದಿಂದ ಎಲ್ಲಾದರೂ ವಿಮಾನ ಬದಲಿಸಿ ಬಂದರೆ ಟೋಕಿಯೊಗೆ ಮರಳುವ ಬುಲೆಟ್ ರೈಲಿನ ಸುಮಾರು 14,000 ಯೆನ್ ಮತ್ತು ಅರ್ಧ ದಿನ ಉಳಿಯುತ್ತದೆ. ದರ ಹೋಲಿಸಿ ನಿರ್ಧರಿಸಿ. ಲಾಟರಿ ಫಲಿತಾಂಶ ಬರುವವರೆಗೆ ಉಚಿತವಾಗಿ ರದ್ದು ಮಾಡಬಹುದಾದ ಹೋಟೆಲನ್ನೇ ಹಿಡಿದಿಡಿ.

ವೀಸಾ ಪ್ರತಿಯೊಬ್ಬರದೂ ಪ್ರತ್ಯೇಕ. ಗುಂಪಿಗೆ ಒಂದೇ ಅರ್ಜಿ ಇಲ್ಲ. ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಜಪಾನಿಗೆ ಕಾಲಿಡಬೇಕಾದ್ದರಿಂದ ತೀರಾ ಬೇಗ ಹಾಕಬೇಡಿ, ಆಗಸ್ಟ್ ಕೊನೆ ಸರಿಯಾದ ಹೊತ್ತು. ದಿನವಾರು ಕಾರ್ಯಕ್ರಮಪಟ್ಟಿಯಲ್ಲಿ ಒಂಬತ್ತೂ ಮಂದಿಯ ಹೋಟೆಲ್ ಹೆಸರು, ದಿನಾಂಕ ತಾಳೆಯಾಗಬೇಕು. ಇ-ವೀಸಾ ಬಂದಿದ್ದರೆ ಅದನ್ನು ವಿಮಾನ ನಿಲ್ದಾಣದಲ್ಲಿ ಇಂಟರ್ನೆಟ್ ಮೂಲಕ ಫೋನಿನಲ್ಲೇ ತೆರೆದು ತೋರಿಸಬೇಕು. ಪ್ರಿಂಟ್, ಸ್ಕ್ರೀನ್‌ಶಾಟ್ ನಡೆಯುವುದಿಲ್ಲ.

ಪ್ರಶ್ನೆ: ಎಲ್ಲರೂ ಜೆಆರ್ ಪಾಸ್ (ಜಪಾನ್ ರೈಲ್ವೆಯಲ್ಲಿ ನಿಗದಿತ ದಿನಗಳ ಕಾಲ ಎಷ್ಟು ಬೇಕಾದರೂ ಓಡಾಡುವ ಪಾಸ್) ಕೊಳ್ಳಿ ಎನ್ನುತ್ತಾರೆ. ಗುಂಪಿಗೆ ಅದೇ ಅನುಕೂಲವೇ? (ಹುಬ್ಬಳ್ಳಿ)

ಉತ್ತರ: ಅದು ಹಳೆಯ ಸಲಹೆ. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಸಾಮಾನ್ಯ ಪಾಸಿನ ಬೆಲೆ 29,650 ಯೆನ್‌ನಿಂದ 50,000ಕ್ಕೆ ಏರಿತು. ಮೇಲೆ ಹೇಳಿದ ದಾರಿಯಲ್ಲಿ ಟೋಕಿಯೊದಿಂದ ನಗೋಯಾಕ್ಕೆ ಸೀಟು ಕಾಯ್ದಿರಿಸಿದ ಬುಲೆಟ್ ರೈಲಿನ ಟಿಕೆಟ್ ಸುಮಾರು 11,000, ಅಲ್ಲಿಂದ ಕ್ಯೋಟೊಗೆ ಸುಮಾರು 6,000. ಒಟ್ಟು 17,000 ಯೆನ್ ಆಗುವ ಕಡೆ 50,000 ಕೊಡುವುದೇಕೆ? ಟೋಕಿಯೊದಿಂದ ಹಿರೋಷಿಮಾಕ್ಕೆ ಹೋಗಿಬಂದರೂ ಸುಮಾರು 40,000 ಅಷ್ಟೇ. ಅದೂ ಅಲ್ಲದೆ ಅತಿ ವೇಗದ ನೊಜೊಮಿ ರೈಲಿಗೆ ಪಾಸ್ ಇದ್ದವರೂ ಹೆಚ್ಚುವರಿ ಹಣ ಕಟ್ಟಬೇಕು.

ಬುಲೆಟ್ ರೈಲಿನ ಟಿಕೆಟ್ ಕೊಳ್ಳುವ ಸ್ಮಾರ್ಟ್‌ಇಎಕ್ಸ್ ಆ್ಯಪ್‌ನಲ್ಲಿ ಒಂದು ಸಲಕ್ಕೆ ಆರು ಮಂದಿಗೆ ಮಾತ್ರ ಸೀಟು ಸಿಗುತ್ತದೆ, ಹಾಗಾಗಿ ಗುಂಪು ಅದಕ್ಕಿಂತ ದೊಡ್ಡದಾದರೆ ನಿಮ್ಮಲ್ಲಿ ಇಬ್ಬರು ಅಕೌಂಟ್ ಮಾಡಿಕೊಳ್ಳಿ. ಟೋಕಿಯೊದಿಂದ ಹೊರಟಾಗ ಫುಜಿ ಪರ್ವತ ಬಲಗಡೆ ಬರುತ್ತದೆ. ಇಬ್ಬರು ಕೂರುವ ಡಿ-ಇ ಸಾಲಿನಲ್ಲಿ ಇ ಕಿಟಕಿ ಸೀಟು.

ಸೂಟ್‌ಕೇಸನ್ನು ಮನೆಯಲ್ಲೇ ಟೇಪು ಹಿಡಿದು ಅಳೆಯಿರಿ. ಚಕ್ರ, ಹಿಡಿಕೆ ಸೇರಿಸಿ ಉದ್ದ, ಅಗಲ, ದಪ್ಪ ಕೂಡಿದರೆ 160 ಸೆಂ.ಮೀ. ದಾಟಬಾರದು. 161ರಿಂದ 250ರವರೆಗಿನ ಪೆಟ್ಟಿಗೆಗೆ ಬೋಗಿಯ ಹಿಂಬದಿಯ ಸಾಮಾನು ಜಾಗವಿರುವ ಸೀಟನ್ನೇ ಕಾಯ್ದಿರಿಸಬೇಕು. ಇಲ್ಲದಿದ್ದರೆ 1,000 ಯೆನ್ ಶುಲ್ಕ. 28 ಇಂಚಿನ ಪೆಟ್ಟಿಗೆಗಳು ಈ ಗೆರೆಯ ಆಸುಪಾಸಿನಲ್ಲೇ ಇರುತ್ತವೆ. ನಮ್ಮ ಸಲಹೆ: ಟೋಕಿಯೊದ ಹೋಟೆಲಿನಿಂದ ದೊಡ್ಡ ಪೆಟ್ಟಿಗೆಗಳನ್ನು ತಕ್ಕ್ಯೂಬಿನ್ ಕೊರಿಯರ್‌ನಲ್ಲಿ ನೇರ ಕ್ಯೋಟೊ ಹೋಟೆಲಿಗೆ ಕಳಿಸಿ, ನಗೋಯಾಕ್ಕೆ ಒಂದು ರಾತ್ರಿಯ ಬ್ಯಾಗು ಮಾತ್ರ ಹೊತ್ತುಕೊಳ್ಳಿ. ಸಾಮಾನ್ಯವಾಗಿ ಮರುದಿನ ತಲುಪುತ್ತದೆ. ಪಾಸ್‌ಪೋರ್ಟ್, ಹಣ, ಔಷಧಿ ಅದರಲ್ಲಿ ಇಡಬೇಡಿ.

ನಗರದೊಳಗಿನ ರೈಲಿಗೆ ಹಣ ತುಂಬಿಸಿ ಬಳಸುವ ಸುಯಿಕಾದಂಥ ಕಾರ್ಡು ತಲಾ ಒಂದು ಬೇಕು. ಒಂದೇ ಕಾರ್ಡು ತೋರಿಸಿ ಇಬ್ಬರು ಗೇಟು ದಾಟಲಾಗದು. ಐಫೋನ್ ಇದ್ದವರು ಫೋನಿನಲ್ಲೇ ಹಾಕಿಕೊಳ್ಳಬಹುದು. ಭಾರತದಲ್ಲಿ ಕೊಂಡ ಆ್ಯಂಡ್ರಾಯ್ಡ್ ಫೋನ್‌ಗಳಲ್ಲಿ ಅದು ನಡೆಯುವುದಿಲ್ಲ, ಅವರಿಗೆ ಪ್ಲಾಸ್ಟಿಕ್ ಕಾರ್ಡೇ ಗತಿ.

ಪ್ರಶ್ನೆ: ಗುಂಪಿನಲ್ಲಿ ಕೆಲವರಿಗೆ ಟೋಕಿಯೊದ ಅಕಿಹಬಾರಾದಲ್ಲಿರುವ ಆ್ಯನಿಮೆ ಅಂಗಡಿ, ಕೆಲವರಿಗೆ ಆ್ಯನಿಮೆಯಲ್ಲಿ ಕಂಡ ಜಾಗ, ಕೆಲವರಿಗೆ ದೇವಸ್ಥಾನ. ಈಗಲೇ ಜಗಳ ಶುರುವಾಗಿದೆ. (ಬೆಂಗಳೂರು)

ಉತ್ತರ: ದಿನವಿಡೀ ಒಟ್ಟಿಗೇ ಇರಬೇಕೆಂಬ ಹಟ ಬಿಡಿ. ಟಿಕೆಟ್ ಇರುವ ಕಾರ್ಯಕ್ರಮ ದಿನಕ್ಕೊಂದು ಮಾತ್ರ ಎಲ್ಲರಿಗೂ ಸಾಮಾನ್ಯವಾಗಿರಲಿ, ಉಳಿದ ಹೊತ್ತು ಮೂವರ ತಂಡಗಳು ತಮ್ಮ ದಾರಿ ಹಿಡಿಯಲಿ. ಇದಕ್ಕೆ ಮನಸ್ತಾಪವಲ್ಲದೆ ಬೇರೆ ಕಾರಣವೂ ಇದೆ. ರಾಮೆನ್ (ಸಾರಿನ ನೂಡಲ್ಸ್) ಅಂಗಡಿಯಲ್ಲಿ ಕೌಂಟರಿನ ಮುಂದೆ ಹತ್ತು ಸ್ಟೂಲು ಇದ್ದರೆ ಹೆಚ್ಚು. ಟ್ಯಾಕ್ಸಿಗೆ ನಾಲ್ಕೇ ಜನ. ಒಂಬತ್ತು ಮಂದಿ ಬಾಗಿಲಲ್ಲಿ ನಿಂತರೆ ಒಳಗೆ ಜಾಗವಿದ್ದರೂ ಇಲ್ಲ ಎನ್ನುತ್ತಾರೆ. ಪ್ರತಿ ತಂಡದಲ್ಲೂ ಇಂಟರ್ನೆಟ್ ಇರುವ ಫೋನ್ ಒಂದಾದರೂ ಇರಲಿ. ಸೇರುವ ಜಾಗ ಹೇಳುವಾಗ ನಿಲ್ದಾಣದ ಹೆಸರಷ್ಟೇ ಸಾಲದು, ಗೇಟಿನ ಹೆಸರು ಬೇಕು. ಅಕಿಹಬಾರಾದಲ್ಲಾದರೆ ‘ಎಲೆಕ್ಟ್ರಿಕ್ ಟೌನ್ ಗೇಟ್’. ಟೋಕಿಯೊದ ದೊಡ್ಡ ನಿಲ್ದಾಣವಾದ ಶಿಂಜುಕುವಿನಲ್ಲಿ ಗೇಟು ಹೇಳದಿದ್ದರೆ ಒಬ್ಬರನ್ನೊಬ್ಬರು ಹುಡುಕುವುದರಲ್ಲೇ ಹೊತ್ತು ಮುಳುಗುತ್ತದೆ.

ಹಳೆಯ ಆಟಿಕೆ, ಮಾಂಗಾ (ಜಪಾನಿ ಕಾಮಿಕ್ಸ್) ಹುಡುಕುವವರಿಗೆ ಅಕಿಹಬಾರಾಕ್ಕಿಂತ ಟೋಕಿಯೊದ ನಕಾನೊ ಬ್ರಾಡ್‌ವೇ ಅಂಗಡಿ ಸಂಕೀರ್ಣ ಮೇಲು. ಭಾನುವಾರ ಮಧ್ಯಾಹ್ನ ಅಕಿಹಬಾರಾದ ಮುಖ್ಯರಸ್ತೆ ಚುಒ-ದೋರಿಯಲ್ಲಿ ವಾಹನ ನಿಲ್ಲಿಸಿ ಜನರಿಗೆ ಬಿಡುತ್ತಾರೆ, ಫೋಟೋಗೆ ಅದೇ ದಿನ ಚೆನ್ನ. ಸೇವಕಿಯ ವೇಷ ತೊಟ್ಟವರು ಬಡಿಸುವ ಮೇಡ್ ಕೆಫೆಗಳಲ್ಲಿ ಕೆಲಸದವರ ಫೋಟೋ ಹಾಗೆಲ್ಲ ತೆಗೆಯುವಂತಿಲ್ಲ, ಗಿಬ್ಲಿ ಮ್ಯೂಸಿಯಂ ಒಳಗೂ ಕ್ಯಾಮೆರಾಕ್ಕೆ ಅವಕಾಶವಿಲ್ಲ.

ಟೋಕಿಯೊಗೆ ಹತ್ತಿರದ ಕಾಮಾಕುರದ ಸಮುದ್ರದಂಚಿನಲ್ಲಿ, ಕಾಮಾಕುರ-ಕೋಕೋ-ಮಾಯೆ ನಿಲ್ದಾಣದ ಪಕ್ಕ, ‘ಸ್ಲ್ಯಾಮ್ ಡಂಕ್’ ಆ್ಯನಿಮೆಯಿಂದ ಹೆಸರಾದ ರೈಲ್ವೆ ಕ್ರಾಸಿಂಗ್ ಇದೆ. ಎನೊಡೆನ್ ರೈಲು ಸುಮಾರು 14 ನಿಮಿಷಕ್ಕೊಂದು ಬರುತ್ತದೆ, ಆದ್ದರಿಂದ ಚಿತ್ರ ತಪ್ಪಿದರೆ ಇನ್ನೊಂದಕ್ಕೆ ಕಾಯಿರಿ. ರಸ್ತೆಯ ನಡುವೆ ನಿಲ್ಲುವುದು, ಮನೆಗಳ ಮುಂದೆ ಗುಂಪುಗೂಡುವುದು, ಕಸ ಬಿಡುವುದು ಬೇಡವೇ ಬೇಡ. ಅದು ಜನ ವಾಸಿಸುವ ಬೀದಿ, ಪ್ರವಾಸಿಗರ ದಟ್ಟಣೆಯಿಂದ ಅವರು ನಿಜಕ್ಕೂ ಬಸವಳಿದಿದ್ದಾರೆ. ವಾರದ ದಿನ ಬೆಳಿಗ್ಗೆ ಬೇಗ, ಒಂದು ಸಲಕ್ಕೆ ಮೂವರು ಹೋಗಿ. ಆ ಕಥೆಯನ್ನು ಪ್ರೀತಿಸುವವರಿಂದ ಇಷ್ಟು ಮರ್ಯಾದೆ ಆ ಬೀದಿಗೆ ಸಲ್ಲಬೇಕು.

ದುಡ್ಡಿನ ಮಾತು ಹೊರಡುವ ಮುಂಚೆಯೇ ಬರಹದಲ್ಲಿರಲಿ. ಕೊನೆ ಗಳಿಗೆಯಲ್ಲಿ ಒಬ್ಬರು ಹಿಂದೆ ಸರಿದರೆ ಅವರ ಪಾಲಿನ ರೂಮು ಬಾಡಿಗೆ ಯಾರದ್ದು ಎಂಬುದು ಮೊದಲೇ ತೀರ್ಮಾನವಾಗಬೇಕು. ಲಾಕರು, ಟ್ಯಾಕ್ಸಿಯಂಥ ಒಟ್ಟು ಖರ್ಚಿಗೆ ತಲಾ 5,000 ಯೆನ್ ಹಾಕಿ ಒಬ್ಬರ ಕೈಗೆ ಕೊಡಿ.

ಪ್ರಶ್ನೆ: ನಮ್ಮಲ್ಲಿ ನಾಲ್ವರು ಸಸ್ಯಾಹಾರಿಗಳು. ಕುಕ್ಕರ್ ಒಯ್ಯಬಹುದೇ? (ಶಿವಮೊಗ್ಗ)

ಉತ್ತರ: ನಮ್ಮ ಎಲೆಕ್ಟ್ರಿಕ್ ಕುಕ್ಕರ್, ಕೆಟಲ್ ಬೇಡ. ಜಪಾನಿನಲ್ಲಿ ವಿದ್ಯುತ್ 100 ವೋಲ್ಟ್. ನಮ್ಮ 230 ವೋಲ್ಟಿನ ಕುಕ್ಕರ್ ಅಲ್ಲಿ ಐದನೇ ಒಂದು ಪಾಲು ಶಾಖವನ್ನೂ ಸರಿಯಾಗಿ ಕೊಡದು, ಅಕ್ಕಿ ನೆನೆದುಕೊಂಡೇ ಇರುತ್ತದೆ. ಫೋನ್ ಚಾರ್ಜರ್ ತೊಂದರೆಯಿಲ್ಲ, ಎರಡು ಚಪ್ಪಟೆ ಪಿನ್ನಿನ ಅಡಾಪ್ಟರ್ ಸಾಕು. ಹಸಿ ಕರಿಬೇವು, ಹಣ್ಣು, ಯಾವುದೇ ಮಾಂಸದ ತಿನಿಸು ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲಿ ತಡೆಯುತ್ತಾರೆ.

ಕಣ್ಣಿಗೆ ಮಾಂಸ ಕಾಣದಿದ್ದರೂ ಜಪಾನಿನ ಸಾರಿನಲ್ಲಿ ಮೀನಿರುತ್ತದೆ. ಉದೋನ್, ಸೋಬಾ ನೂಡಲ್ಸ್, ಮಿಸೊ ಸೂಪ್, ಬಜ್ಜಿಯಂಥ ತೆಂಪುರಾದ ಜೊತೆ ಕೊಡುವ ಅದ್ದುವ ಸಾರು, ಇವೆಲ್ಲಕ್ಕೂ ಬುಡ ‘ದಶಿ’. ಅದನ್ನು ಸಾಮಾನ್ಯವಾಗಿ ಹೊಗೆಯಾಡಿಸಿ ಒಣಗಿಸಿದ ಬೊನಿಟೊ ಮೀನಿನ ಎಸಳಿನಿಂದ ಕುದಿಸುತ್ತಾರೆ. ‘ವೆಜಿಟೇರಿಯನ್’ ಎಂದರೆ ತರಕಾರಿ ತೇಲುವ ಅದೇ ಸಾರು ಬರಬಹುದು. ‘ನಿಕು ತೊ ಸಕಾನಾ ವಾ ತಬೆಮಾಸೆನ್, ದಶಿ ಮೊ ದಮೆ ದೆಸು’ (ಮಾಂಸ, ಮೀನು ತಿನ್ನುವುದಿಲ್ಲ, ದಶಿಯೂ ಆಗದು) ಎಂದು ಜಪಾನಿ ಲಿಪಿಯಲ್ಲಿ ಬರೆಸಿದ ಚೀಟಿ ನಾಲ್ವರ ಬಳಿಯೂ ಇರಲಿ. ಟೋಕಿಯೊ ಸ್ಟೇಷನ್ನಿನ ಗೇಟಿನೊಳಗೆ ಟೀಸ್ ತಾನ್‌ತಾನ್ ಎಂಬ ವೀಗನ್ ರಾಮೆನ್ ಅಂಗಡಿಯಿದೆ. ಕ್ಯೋಟೊದಲ್ಲಿ ಬೌದ್ಧ ಮಠಗಳ ಶೋಜಿನ್ ರ‍್ಯೋರಿ ಊಟ ಸಿಗುತ್ತದೆ, ಅದರಲ್ಲಿ ಸಂಪ್ರದಾಯದಂತೆ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ. ಭಾರತೀಯ ಊಟದ ಹೋಟೆಲುಗಳು ಎರಡೂ ಊರಿನಲ್ಲಿ ಧಾರಾಳ.

ಪ್ರಶ್ನೆ: ನೆಗಡಿ ಮಾತ್ರೆ, ಕೆಮ್ಮಿನ ಸಿರಪ್ ಒಯ್ಯಲು ಅಡ್ಡಿಯಿದೆಯೇ? ಫಿಗರ್ (ಆ್ಯನಿಮೆ ಪಾತ್ರದ ಗೊಂಬೆ) ಕೊಂಡರೆ ತೆರಿಗೆ ವಾಪಸ್ ಬರುತ್ತದೆಯೇ? (ಮಂಗಳೂರು)

ಉತ್ತರ: ಸ್ಯೂಡೊಎಫೆಡ್ರಿನ್ ಶೇ. 10ಕ್ಕಿಂತ ಹೆಚ್ಚಿರುವ ಔಷಧಿಗೆ ಜಪಾನಿನಲ್ಲಿ ನಿಷೇಧವಿದೆ, ಕೊಡೀನ್ ಇರುವ ಸಿರಪ್‌ಗೂ ಕಟ್ಟುನಿಟ್ಟಿನ ನಿಯಮ. ಮಾತ್ರೆಯ ಪಟ್ಟಿಯ ಹಿಂದಿರುವ ಘಟಕಗಳನ್ನು ಓದಿ, ಇವೆರಡರಲ್ಲಿ ಒಂದಿದ್ದರೂ ಮನೆಯಲ್ಲೇ ಬಿಡಿ. ವೈದ್ಯರು ಬರೆದ ದಿನನಿತ್ಯದ ಔಷಧಿ ಒಂದು ತಿಂಗಳಿಗೆ ಸಾಕಾಗುವಷ್ಟು, ಚೀಟಿ ಸಮೇತ, ಒಯ್ಯಬಹುದು.

ತೆರಿಗೆ ವಿನಾಯಿತಿಗೆ ಒಂದೇ ಅಂಗಡಿಯಲ್ಲಿ ಒಂದೇ ದಿನ ತೆರಿಗೆ ಬಿಟ್ಟು ಕನಿಷ್ಠ 5,000 ಯೆನ್ ಖರೀದಿ ಆಗಬೇಕು, ಪಾಸ್‌ಪೋರ್ಟ್ ಜೊತೆಗಿರಬೇಕು. 2026ರ ನವೆಂಬರ್ 1ರಿಂದ ಕ್ರಮ ಬದಲಾಗುತ್ತದೆ: ಅಂಗಡಿಯಲ್ಲಿ ತೆರಿಗೆ ಸೇರಿಸಿಯೇ ಕೊಟ್ಟು, ಹೊರಡುವಾಗ ವಿಮಾನ ನಿಲ್ದಾಣದಲ್ಲಿ ವಸ್ತುವಿನ ಪರಿಶೀಲನೆಯಾದ ಮೇಲೆ ಹಣ ವಾಪಸ್. ಆದ್ದರಿಂದ ಆ ದಿನದಿಂದಾಚೆಗೆ ಹೋಗುವವರು ಫಿಗರ್ ಇರುವ ಪೆಟ್ಟಿಗೆಯನ್ನು ಈ ಪರಿಶೀಲನೆ ಮುಗಿಯುವ ಮುನ್ನ ಚೆಕ್-ಇನ್‌ಗೆ ಒಪ್ಪಿಸಬೇಡಿ.