ಹೊಟ್ಟೆ ಮೇಲಾಗಿ ಈಜುವ ಮೀನು

ಪ್ರಶ್ನೆ: ಮೈಸೂರಿನಿಂದ ತಂದ ಕ್ಯಾಟ್‌ಫಿಶ್ ಸದಾ ಹೊಟ್ಟೆ ಮೇಲೆ ಮಾಡಿಕೊಂಡೇ ಈಜುತ್ತದೆ. ಕಾಯಿಲೆಯಾ ಸಾರ್? ಇದಕ್ಕೆ ಜೊತೆ ಸಿಗುತ್ತಾ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಗಾಬರಿ ಬೇಡಮ್ಮ. ಹೊಟ್ಟೆ ಬೆನ್ನಿಗಿಂತ ಕಪ್ಪಗಿದೆಯಾ ನೋಡಿ. ಇದ್ದರೆ ಅದು ಕಾಂಗೋ ನದಿ ಸೀಮೆಯ ಅಪ್‌ಸೈಡ್ ಡೌನ್ ಕ್ಯಾಟ್‌ಫಿಶ್. ಹಾಗೆ ಈಜುವುದೇ ಅದರ ಸ್ವಭಾವ, ನೀರಿನ ಮೇಲ್ಭಾಗದ ಹುಳ ತಿನ್ನಲು ಅನುಕೂಲ. ತಿನ್ನದೆ, ರೆಕ್ಕೆ ಆಡಿಸದೆ ತೇಲಿದರೆ ಮಾತ್ರ ಯೋಚಿಸಬೇಕು. ನನಗೆ ಜಾಸ್ತಿ ಚಿಂತೆ ನಿಮ್ಮೂರಿನ ಮಳೆಗಾಲದ ಚಳಿಯದು. ಹೀಟರ್ ಹಾಕಿ, ನೀರು 22ರಿಂದ 26 ಡಿಗ್ರಿ ಇರಲಿ. ಇದರ ಮೈಮೇಲೆ ಹುರುಪೆ ಇಲ್ಲ. ಔಷಧಿ ಬೇಗ ತಾಗುತ್ತದೆ, ಸುಮ್ನೆ ಸುರಿಯಬೇಡಿ.

ಇದು ಗುಂಪಿನ ಮೀನು, ಒಂಟಿಯಾಗಿಡುವುದು ಪಾಪ ಅಲ್ವಾ? ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ಮೊದಲೇ ಹೇಳಿಡಿ. ಇದರ ದೊಡ್ಡ ಜಾತಿಯ ನೆಂಟರೂ ಇವೆ. ಕೊಳ್ಳುವಾಗ ಹೊಟ್ಟೆಯ ಬಣ್ಣ ನೋಡಿಯೇ ಕೊಳ್ಳಿ.