ಹೊಳೆಗೊಂದು ತಳಿ: ಕ್ರೇಫಿಶ್ ಬಗ್ಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ನಾನಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಇಲ್ಲಿನ ಹೊಳೆ ನೋಡಿಕೊಳ್ಳುವ ಸ್ವಯಂಸೇವಕರ ಜೊತೆ ಆಗಾಗ ಹೋಗುತ್ತೇನೆ. ನಮ್ಮ ಹೊಳೆಯಲ್ಲಿ ಇಲ್ಲಿಯದೇ ಆದ ಬಿಳಿ ಮುಂಗಾಲಿನ ಕ್ರೇಫಿಶ್ ತೀರಾ ಕಡಿಮೆಯಾಗಿವೆ. ಪಕ್ಕದ ಕಣಿವೆಯ ಹೊಳೆಯಲ್ಲಿ ಬೇಕಾದಷ್ಟಿವೆ. ಅಲ್ಲಿಂದ ಒಂದು ಬಕೆಟ್ ತಂದು ಬಿಡೋಣ ಅಂದರೆ ಎಲ್ಲರೂ ಹೌಹಾರುತ್ತಾರೆ. ಎರಡೂ ಒಂದೇ ಜಾತಿ ಅಲ್ವಾ? (ಓದುಗರು, ಲೀಡ್ಸ್)

ಉತ್ತರ: ಕ್ರೇಫಿಶ್ ನೋಡದವರಿಗೆ ಮೊದಲು ಎರಡು ಮಾತು. ಮೈ ಸಿಗಡಿಯದು, ಮುಂಗಾಲು ಏಡಿಯದು, ವಾಸ ಸಿಹಿನೀರಿನಲ್ಲಿ. ಬ್ರಿಟನ್ನಿನದು ಅಂತ ಹೇಳಿಕೊಳ್ಳಲು ಇರುವುದು ಈ ಬಿಳಿ ಮುಂಗಾಲಿನ ಒಂದೇ ಜಾತಿ. ಮುಂಗಾಲನ್ನು ಅಡಿಯಿಂದ ನೋಡಿದರೆ ಮಾಸಲು ಬಿಳಿ, ಅದಕ್ಕೇ ಆ ಹೆಸರು. ಚಳಿಗಾಲದಲ್ಲಿ ಕಲ್ಲಿನಡಿ ಅಡಗಿರುವ ಹೆಣ್ಣಿನ ಬಾಲದ ಕೆಳಗೆ ಮೊಟ್ಟೆಗಳು ಗೊಂಚಲಾಗಿ ಅಂಟಿಕೊಂಡಿರುತ್ತವೆ. ಹೆಚ್ಚೆಂದರೆ ನೂರರ ಆಸುಪಾಸು. ಅಷ್ಟನ್ನು ಬೇಸಿಗೆ ಶುರುವಾಗುವವರೆಗೂ ಹೊತ್ತುಕೊಂಡೇ ಓಡಾಡುತ್ತದೆ ಪಾಪ.

ಈಗ ನಿಮ್ಮ ಬಕೆಟ್ ವಿಷಯ. ಮೊದಲ ಭಯ ರೋಗದ್ದು. 1976ರಲ್ಲಿ ಸಾಕಣೆಗೆ ಅಂತ ಅಮೆರಿಕದ ಸಿಗ್ನಲ್ ಕ್ರೇಫಿಶ್ ಅನ್ನು ಬ್ರಿಟನ್ನಿಗೆ ತಂದರು. ಅದು ಕೊಳಗಳಿಂದ ತಪ್ಪಿಸಿಕೊಂಡು ಹೊಳೆ ಸೇರಿತು. ಜೊತೆಗೆ ಕ್ರೇಫಿಶ್ ಪ್ಲೇಗ್ ಕೂಡ ಬಂತು. ಇದು ನೀರಿನಲ್ಲಿ ಬೆಳೆಯುವ, ಬೂಷ್ಟಿನಂಥ ಒಂದು ಜೀವಿ. ಅಮೆರಿಕದ ಕ್ರೇಫಿಶ್ ಇದನ್ನು ಮೈಯಲ್ಲಿ ಇಟ್ಟುಕೊಂಡೇ ಆರಾಮಾಗಿ ಬದುಕುತ್ತದೆ, ಆದರೆ ಇಲ್ಲಿಯದಕ್ಕೆ ತಗುಲಿದರೆ ಕೆಲವೇ ವಾರಗಳಲ್ಲಿ ಹೊಳೆಗೆ ಹೊಳೆಯೇ ಖಾಲಿಯಾಗುತ್ತದೆ. ಇದರ ಬೀಜಕಣಗಳು ಒದ್ದೆ ಬೂಟು, ಒದ್ದೆ ಬಲೆ, ಬಕೆಟ್ಟಿನ ನೀರು, ಯಾವುದರಲ್ಲಿ ಬೇಕಾದರೂ ಬರುತ್ತವೆ. ಐರ್ಲೆಂಡ್ ನೋಡಿ. ಅಮೆರಿಕದ ಕ್ರೇಫಿಶ್ ಅಲ್ಲಿ ನೆಲೆ ನಿಂತಿಲ್ಲ, ಆದರೂ 2015ರಿಂದೀಚೆಗೆ ಅಲ್ಲಿನ ಹಲವು ನದಿಗಳಲ್ಲಿ ಪ್ಲೇಗ್ ಬಂದು ಕ್ರೇಫಿಶ್ ಸತ್ತಿವೆ. ಪಕ್ಕದ ಕಣಿವೆಯಲ್ಲಿ ಇವತ್ತು ಎಲ್ಲ ಚೆನ್ನಾಗಿ ಕಾಣುತ್ತಿದೆ ಅನ್ನುವುದು ಏನೇನೂ ಸಾಲದು.

ಎರಡನೆಯ ಮಾತು ತಳಿಯದು, ನನಗೆ ಜಾಸ್ತಿ ಹೇಳಬೇಕಿರುವುದೂ ಇದನ್ನೇ. ಕ್ರೇಫಿಶ್ ಗುಡ್ಡ ಹತ್ತಿ ಇಳಿದು ಪಕ್ಕದ ಕಣಿವೆಗೆ ಹೋಗುವ ಪ್ರಾಣಿಯಲ್ಲ. ಬೇರೆ ಬೇರೆ ಹೊಳೆಗಳ ಗುಂಪುಗಳು ಬಹಳ ಕಾಲದಿಂದ ಕೂಡಿಲ್ಲ. ಆಯಾ ನೀರು, ಆಯಾ ಚಳಿಗೆ ಹೊಂದಿಕೊಂಡು ಬಂದಿವೆ. ಜೊತೆಗೆ ಸಣ್ಣ ಗುಂಪಿನಲ್ಲಿ ಕೆಲವು ಗುಣಗಳು ಸುಮ್ನೆ ಆಕಸ್ಮಿಕವಾಗಿಯೇ ಕಳೆದುಹೋಗುತ್ತವೆ, ಅದನ್ನು ಹೊತ್ತ ಪ್ರಾಣಿ ಆ ವರ್ಷ ಮರಿ ಮಾಡಲಿಲ್ಲ ಅಷ್ಟೇ, ಆ ಗುಣ ಹೋಯಿತು. ಮೊದಲೇ ಬ್ರಿಟನ್ನಿನ ಕ್ರೇಫಿಶ್‌ನಲ್ಲಿ ತಳಿ ವೈವಿಧ್ಯ ಕಡಿಮೆ. ಹಿಮಯುಗದಲ್ಲಿ ಇವು ಬದುಕುಳಿದದ್ದು ದಕ್ಷಿಣದಲ್ಲಿ. ಆಮೇಲೆ ಉತ್ತರಕ್ಕೆ ಬಂದು ಮುಟ್ಟಿದ್ದು ಸ್ವಲ್ಪವೇ. ಫ್ರಾನ್ಸ್, ಇಟಲಿಯಲ್ಲಿ ಇರುವಷ್ಟು ಬಗೆ ಇಲ್ಲಿಲ್ಲ. ಇರುವ ಅಷ್ಟಿಷ್ಟು ಬಗೆಯೂ ಹೊಳೆ ಹೊಳೆಗೆ ಹಂಚಿಹೋಗಿದೆ. ಹಾಗಾಗಿ ಒಂದು ಹೊಳೆ ಖಾಲಿಯಾದರೆ ಇನ್ನೊಂದು ಹೊಳೆಯಲ್ಲಿ ಎಷ್ಟೇ ಇದ್ದರೂ ಆ ಪಾಲು ತುಂಬಿ ಬರುವುದಿಲ್ಲ, ಮತ್ತೆ ಎರಡನ್ನೂ ಯೋಚನೆ ಮಾಡದೆ ಬೆರೆಸಿಬಿಟ್ಟರೆ ಯಾವುದು ಯಾವ ಹೊಳೆಯದು ಅಂತ ಹೇಳುವುದೂ ಕಷ್ಟವಾಗುತ್ತದೆ.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹೊಸ ಜಾಗದಲ್ಲಿ ಗುಂಪು ಕಟ್ಟಲು 10 ಕ್ರೇಫಿಶ್ ಒಯ್ದಿರಿ ಅಂತಿಟ್ಟುಕೊಳ್ಳಿ. ಸರಾಸರಿ ವೈವಿಧ್ಯದಲ್ಲಿ ಶೇ. 95 ಬಂದೇ ಬಿಡುತ್ತದೆ. ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಅಪರೂಪದ ಗುಣಗಳ ಕತೆ ಬೇರೆ. ಒಂದು ಜೀನ್‌ನ ನೂರು ಪ್ರತಿಗಳಲ್ಲಿ ಐದರಲ್ಲಿ ಮಾತ್ರ ಇರುವ ಗುಣ ನಿಮ್ಮ ಆ ಹತ್ತರಲ್ಲಿ ಒಂದರಲ್ಲೂ ಇಲ್ಲದಿರುವ ಸಾಧ್ಯತೆ ಶೇ. 36. ಹತ್ತರ ಬದಲು 50 ಒಯ್ದರೆ ಅದು ಶೇ. 1ಕ್ಕಿಂತ ಕೆಳಗೆ ಇಳಿಯುತ್ತದೆ. ಬಿತ್ತನೆಗೆ ಒಂದೇ ತೆನೆಯ ಕಾಳು ಎತ್ತಿಡುವ ರೈತ ಯಾರಿದ್ದಾರೆ?

ಆ ಅಪರೂಪದ ಗುಣಕ್ಕೆ ಯಾಕಿಷ್ಟು ಬೆಲೆ ಅಂದರೆ, ಫಿನ್ಲೆಂಡ್ ಮತ್ತು ಸ್ಪೇನ್‌ನಲ್ಲಿ ಅಲ್ಲಿನ ಸ್ಥಳೀಯ ಕ್ರೇಫಿಶ್‌ನ ಕೆಲವು ಗುಂಪುಗಳು ಪ್ಲೇಗ್ ತಗುಲಿಯೂ ಬದುಕಿರುವುದು ಕಂಡಿದೆ. ಫಿನ್ಲೆಂಡಿನದಕ್ಕೆ ರೋಗಾಣುವಿನ ಬಗೆ ಸ್ವಲ್ಪ ಸೌಮ್ಯವಾಗಿದ್ದುದೂ ಒಂದು ಕಾರಣ. ಹಾಗಿದ್ದರೂ ತಡೆದುಕೊಳ್ಳುವ ಶಕ್ತಿ ಯಾವ ಹೊಳೆಯ ಯಾವ ಕಲ್ಲಿನಡಿ ಇದೆಯೋ, ನೋಡಿದರೆ ಗೊತ್ತಾಗುವಂಥದ್ದಲ್ಲ. ಅದಕ್ಕೇ ಎಲ್ಲ ಹೊಳೆಯದೂ ಉಳಿಯಬೇಕು ಅನ್ನುವುದು.

ಹಾಗಂತ ಯಾವತ್ತೂ ತರಲೇಬಾರದು ಅಂತ ನಾನು ಹೇಳುವುದಿಲ್ಲ. ಗುಂಪು ತೀರಾ ಸಣ್ಣದಾಗಿ ರಕ್ತಸಂಬಂಧದಲ್ಲೇ ಕೂಡಿ ಕೂಡಿ ಸೊರಗುತ್ತಿದ್ದರೆ ಹೊರಗಿನಿಂದ ತರುವುದೇ ಸರಿ. ಆದಷ್ಟೂ ಅದೇ ನದಿಗೆ ಸೇರುವ ಇನ್ನೊಂದು ತೊರೆಯಿಂದ ತರಬೇಕು. ತರುವ ಮೊದಲು ಒಂದು ಕಾಲಿನ ತುದಿಯನ್ನು ಚೂರೇ ಚೂರು ಕತ್ತರಿಸಿ ಡಿಎನ್‌ಎ ಪರೀಕ್ಷೆ ಮಾಡುತ್ತಾರೆ. ಗಾಬರಿ ಬೇಡ, ಪೊರೆ ಬಿಟ್ಟಾಗ ಕಾಲು ಮತ್ತೆ ಬೆಳೆಯುತ್ತದೆ. ಹೊಳೆಯ ನೀರು ಸೋಸಿ ಅದರಲ್ಲಿ ಪ್ಲೇಗಿನ ಡಿಎನ್‌ಎ ಇದೆಯಾ ಅಂತಲೂ ನೋಡುತ್ತಾರೆ. ಇದೆಲ್ಲ ಲೈಸೆನ್ಸ್ ಇದ್ದವರ ಕೆಲಸ. ಅದಿಲ್ಲದೆ ಬ್ರಿಟನ್ನಿನಲ್ಲಿ ಈ ಕ್ರೇಫಿಶ್ ಹಿಡಿಯುವುದು ಕಾನೂನಿಗೆ ವಿರುದ್ಧ.

ಪ್ರಶ್ನೆ: ಹಾಗಾದರೆ ನಮ್ಮಂಥವರು ಮಾಡಬಹುದಾದ್ದು ಏನು? ಅಮೆರಿಕದ್ದನ್ನು ಹಿಡಿದು ಖಾಲಿ ಮಾಡಿದರೆ ಆಗದೇ? (ಇದೂ ಲೀಡ್ಸ್‌ನ ಓದುಗರದ್ದೇ)

ಉತ್ತರ: ಹಿಡಿಯುವುದರಿಂದ ಖಾಲಿಯಾಗುವುದಿಲ್ಲ. ಬೋನಿಗೆ ಬೀಳುವುದು ದೊಡ್ಡವು. ಆ ದೊಡ್ಡವೇ ಸಣ್ಣವನ್ನು ತಿಂದು ಹತೋಟಿಯಲ್ಲಿ ಇಡುತ್ತಿರುತ್ತವೆ. ಅವನ್ನು ತೆಗೆದರೆ ಮರಿಗಳಿಗೆ ಹಬ್ಬ. ಒಂದು ಹೆಣ್ಣು ಇನ್ನೂರು ಮುನ್ನೂರು ಮೊಟ್ಟೆ ಇಡುತ್ತದೆ, ನೆನಪಿರಲಿ. ಬೋನನ್ನು ಒಂದು ಹೊಳೆಯಿಂದ ಇನ್ನೊಂದಕ್ಕೆ ಒಯ್ದರೆ ರೋಗವನ್ನೂ ಒಯ್ದಂತೆ. ನಿಮ್ಮಿಂದ ಆಗುವ ದೊಡ್ಡ ಕೆಲಸ ಬೂಟಿನದು: ಹೊಳೆಯಿಂದ ಎದ್ದ ಮೇಲೆ ಕೆಸರು ಪೂರ್ತಿ ತೊಳೆಯಿರಿ, ಬೂಟು ಬಲೆ ಎಲ್ಲ ಒಳಗೂ ಹೊರಗೂ ಗರಿಗರಿಯಾಗಿ ಒಣಗುವವರೆಗೆ ಬೇರೆ ಹೊಳೆಗೆ ಇಳಿಯಬೇಡಿ. ಇದು ಸಪ್ಪೆ ಕೆಲಸ ಅನ್ನಿಸಬಹುದು. ಆದರೆ ಪ್ಲೇಗ್ ಬಂದ ಮೇಲೆ ಮದ್ದಿಲ್ಲ.

ಇನ್ನೊಂದು ಕೆಲಸವೂ ನಡೆದಿದೆ. ಬೇರೆ ನೀರಿನ ಸಂಪರ್ಕವಿಲ್ಲದ ಹಳೆಯ ಕಲ್ಲುಕ್ವಾರಿ, ಕೊಳ ಹುಡುಕಿ ಅಲ್ಲಿ ಸ್ಥಳೀಯ ಕ್ರೇಫಿಶ್ ಬಿಟ್ಟು ಕಾಪಾಡುತ್ತಾರೆ. ಅಂಥ ಜಾಗ ನಿಮ್ಮ ಕಡೆ ಕಂಡರೆ ಗುಂಪಿನವರಿಗೆ ತಿಳಿಸಿ.

ಪ್ರಶ್ನೆ: ಮಾರ್ಬಲ್ಡ್ ಕ್ರೇಫಿಶ್ ಅಂತ ಓದಿದೆ. ಎಲ್ಲವೂ ಹೆಣ್ಣು, ಎಲ್ಲವೂ ಒಂದರ ನಕಲು. ಆದರೂ ಎಲ್ಲೆಡೆ ಹಬ್ಬುತ್ತಿದೆ. ತಳಿ ವೈವಿಧ್ಯ ಅಷ್ಟು ಮುಖ್ಯವಾದರೆ ಇದು ಹೇಗೆ? (ಬಿ.ಎಸ್ಸಿ. ವಿದ್ಯಾರ್ಥಿನಿ, ಹಾಸನ)

ಉತ್ತರ: ಒಳ್ಳೆಯ ಪ್ರಶ್ನೆ, ಹೀಗೆ ಮುಂದಕ್ಕೆ ಎಳೆದು ಕೇಳುವವರು ಬೇಕು. 1990ರ ದಶಕದ ಮಧ್ಯದಲ್ಲಿ ಜರ್ಮನಿಯಲ್ಲಿ ಅಕ್ವೇರಿಯಂ ಇಟ್ಟುಕೊಂಡವರ ಬಳಿ ಇದು ಮೊದಲು ಕಾಣಿಸಿತು. ಮೂಲ ಫ್ಲಾರಿಡಾ ಕಡೆಯ ಒಂದು ಕ್ರೇಫಿಶ್. ಇದರಲ್ಲಿ ಪ್ರತಿ ವರ್ಣತಂತುವಿನ ಎರಡು ಪ್ರತಿಗಳ ಬದಲು ಮೂರು ಪ್ರತಿಗಳಿವೆ, ಗಂಡಿನ ಅಗತ್ಯವೇ ಇಲ್ಲದೆ ಮೊಟ್ಟೆ ಮರಿಯಾಗುತ್ತದೆ. 2018ರಲ್ಲಿ ಜರ್ಮನಿಯ ವಿಜ್ಞಾನಿಗಳು ಇದರ ಜೀನೋಮ್ ಪೂರ್ತಿ ಓದಿ, ಎಲ್ಲವೂ ಒಂದೇ ತಾಯಿಯ ನಕಲುಗಳೆಂದು ತೋರಿಸಿದರು. ಮಡಗಾಸ್ಕರ್‌ನಲ್ಲಂತೂ ಗದ್ದೆ ಕಾಲುವೆ ಎಲ್ಲ ಕಡೆ ಹಬ್ಬಿದೆ.

ಒಂದೇ ಪ್ರಾಣಿ ಸಾಕು, ಹೊಸ ಊರಿನಲ್ಲಿ ಸಂಸಾರ ಶುರು. ಹಬ್ಬುವುದಕ್ಕೆ ಇದಕ್ಕಿಂತ ಅನುಕೂಲ ಬೇಕಾ? ಆದರೆ ಹಬ್ಬುವುದು ಬೇರೆ, ಸಾವಿರಾರು ವರ್ಷ ಬಾಳುವುದು ಬೇರೆ. ಇದರ ವಯಸ್ಸು ಕೆಲವೇ ದಶಕ. ಇದನ್ನು ಕೊಲ್ಲಬಲ್ಲ ರೋಗ ಒಂದು ಬಂದರೆ ಎಲ್ಲದರ ಮೈಯೂ ಒಂದೇ ಥರ, ತಪ್ಪಿಸಿಕೊಳ್ಳಲು ಬೇರೆ ಬಗೆ ಅಂತ ಇಲ್ಲ. ಈಗ ಯುರೋಪನ್ನು ಕಾಡುತ್ತಿರುವ ಪ್ಲೇಗ್ ಅಮೆರಿಕದ್ದೇ ಆದ್ದರಿಂದ ಅಮೆರಿಕ ಮೂಲದ ಇದು ಅದನ್ನು ಹೊತ್ತೂ ಸಾಯುವುದಿಲ್ಲ. ಹಾಗಾಗಿ ಇದರ ಗೆಲುವು ನೋಡಿ ಬಿಳಿ ಮುಂಗಾಲಿನದಕ್ಕೂ ವೈವಿಧ್ಯ ಬೇಡ ಅನ್ನಲಾಗದು. ಅದು ಈಗಾಗಲೇ ರೋಗದ ಎದುರು ನಿಂತಿದೆ.

ಪ್ರಶ್ನೆ: ನಮ್ಮ ಮನೆಯ ಅಕ್ವೇರಿಯಂನಲ್ಲಿ ಕ್ರೇಫಿಶ್ ಜಾಸ್ತಿಯಾಗಿವೆ. ಮನೆ ಹತ್ತಿರದ ಕೆರೆಗೆ ಬಿಡಬಹುದಾ? (ಗೃಹಿಣಿ, ಬೆಂಗಳೂರು)

ಉತ್ತರ: ದಯವಿಟ್ಟು ಬೇಡ, ಒಂದನ್ನೂ ಬೇಡ. ನಮ್ಮ ದೇಶದಲ್ಲಿ ಸ್ಥಳೀಯ ಕ್ರೇಫಿಶ್ ಇಲ್ಲವೇ ಇಲ್ಲ, ಅಂಗಡಿಯಲ್ಲಿ ಸಿಗುವುದೆಲ್ಲ ಹೊರಗಿನದೇ. ನಮ್ಮ ಕೆರೆಗಳ ಏಡಿ, ಸಿಗಡಿಗಳ ಮೇಲೆ ಅದು ಏನು ಮಾಡೀತು ಅಂತ ಪರೀಕ್ಷೆ ಮಾಡಿ ನೋಡುವ ಜಾಗ ನಿಮ್ಮ ಕೆರೆ ಅಲ್ಲ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ನಿಷೇಧ ಇದ್ದೂ ನಮ್ಮ ಕೆರೆಗಳ ಪಾಡು ಏನಾಗಿದೆ ನೋಡಿದ್ದೀರಲ್ಲ. ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತಾರಾ ಕೇಳಿ, ಸಾಕುವವರಿಗೆ ಕೊಡಿ. ತೊಟ್ಟಿ ನೀರನ್ನೂ ರಾಜಕಾಲುವೆಗೆ ಚೆಲ್ಲಬೇಡಿ, ಗಿಡಕ್ಕೆ ಹಾಕಿ.

ಪ್ರಶ್ನೆ: ನಮ್ಮ ನದಿಗಳಲ್ಲೂ ಹೀಗೆ ತಳಿ ಕಳೆದುಹೋದದ್ದು ಉಂಟಾ? (ನಿವೃತ್ತ ಶಿಕ್ಷಕರು, ಕುಶಾಲನಗರ)

ಉತ್ತರ: ಉಂಟು ಸರ್, ನಿಮ್ಮ ಕಾವೇರಿಯಲ್ಲೇ. ಕಾವೇರಿ ಕೊಳ್ಳಕ್ಕೆ ಮಾತ್ರ ಸೇರಿದ, ಬೆನ್ನು ಉಬ್ಬಿದ ದೊಡ್ಡ ಮಹಶೀರ್ ಮೀನು ಇದೆ. ಗಾಳ ಹಾಕುವವರ ನಡುವೆ ಜಗತ್ತಿನಲ್ಲೆಲ್ಲ ಹೆಸರುವಾಸಿ, ಆದರೂ ಅದರ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಅಂತ ಖಚಿತವಾದದ್ದು 2018ರಲ್ಲಿ. ಆ ವರ್ಷವೇ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಮಹಶೀರ್ ಉಳಿಸೋಣ ಅಂತ ಒಳ್ಳೆಯ ಮನಸ್ಸಿನಿಂದಲೇ ಕಾವೇರಿಗೆ ವರ್ಷಗಟ್ಟಲೆ ಮರಿ ಬಿಟ್ಟರು. ಬಿಟ್ಟದ್ದು ಮಾತ್ರ ನೀಲಿ ರೆಕ್ಕೆಯ ಬೇರೆ ಮಹಶೀರ್, ಮಹಾರಾಷ್ಟ್ರದ ಲೋನಾವಳದ ಹ್ಯಾಚರಿಯಲ್ಲಿ ಬೆಳೆಸಿದ್ದು. ಈಗ ಗಾಳಕ್ಕೆ ಬೀಳುವುದು ಹೆಚ್ಚಾಗಿ ಅದೇ. ಅಣೆಕಟ್ಟು, ಡೈನಮೈಟ್ ಹೊಡೆತ ಬೇರೆ. ನಿಮ್ಮ ಕಡೆ ಹೊಳೆಗೆ ಮೀನುಮರಿ ಬಿಡುವ ಕಾರ್ಯಕ್ರಮ ನಡೆದರೆ ಸುಮ್ನೆ ಚಪ್ಪಾಳೆ ತಟ್ಟಿ ಬರಬೇಡಿ. ತಾಯಿ ಮೀನು ಯಾವ ನದಿಯದು, ಎಷ್ಟು ತಾಯಿ ಮೀನುಗಳಿಂದ ಈ ಮರಿ ಬಂದಿವೆ, ಈ ಎರಡನ್ನು ಕೇಳಿಯೇ ಬನ್ನಿ.