ರಿಪೋರ್ಟ್ ನಾರ್ಮಲ್ ಐತಲ್ರೀ ಮೇಡಂ

ಮಗು ಆಗಿಲ್ಲವೆಂದು ನನ್ನ ಹತ್ತಿರ ಸಲಹೆಗೆ ಬಂದ ದಂಪತಿಯ ಕಥೆ ಇದು, ಹೆಸರು, ವಯಸ್ಸು ಬದಲಿಸಿದ್ದೇನೆ. ಮಂಜಣ್ಣ ಅಂತಿಟ್ಟುಕೊಳ್ಳಿ, 34 ವರ್ಷ, ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಮದುವೆಯಾಗಿ ನಾಲ್ಕು ವರ್ಷ, ಮಗು ಆಗಿಲ್ಲ. ಹೆಂಡತಿ ಕೈಲಿ ಒಂದು ಚೀಲದ ತುಂಬ ರಿಪೋರ್ಟ್‌ಗಳು: ಸ್ಕ್ಯಾನಿಂಗ್, ಥೈರಾಯ್ಡ್, ಗರ್ಭನಾಳಕ್ಕೆ ಬಣ್ಣ ಬಿಟ್ಟು ತೆಗೆದ ಎಕ್ಸ್‌ರೇ. ಎಲ್ಲಾ ಸರಿ ಇದೆ. ಮಂಜಣ್ಣನದು ವೀರ್ಯ ಪರೀಕ್ಷೆಯ ಒಂದೇ ಹಾಳೆ, ಎರಡು ವರ್ಷ ಹಳೇದು, ಅಂಗಿ ಜೇಬಿನಿಂದ ನಾಲ್ಕು ಮಡಿಕೆಯಾಗಿ ಹೊರಬಂತು.

"ನಂದು ನಾರ್ಮಲ್ ಐತಲ್ರೀ ಮೇಡಂ."

ಐತೆ ನಿಜ. ಮಿಲಿಲೀಟರಿಗೆ 1.8 ಕೋಟಿ ವೀರ್ಯಾಣು, ಚಲನೆ (ಅಂದರೆ ಅವುಗಳಲ್ಲಿ ಓಡಾಡುವಂಥವು) ಶೇ. 43. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿದ ಕೆಳಗಿನ ಗೆರೆ 1.6 ಕೋಟಿ ಮತ್ತು ಶೇ. 42. ಎಸ್ಸೆಸ್ಸೆಲ್ಸಿಯಲ್ಲಿ 36 ತಗೊಂಡು ಪಾಸಾದ ಹಾಗೆ ಅಂದೆ, ಹೆಂಡತಿ ನಕ್ಕರು, ಮಂಜಣ್ಣ ನಗಲಿಲ್ಲ. ಒಂದು ವರ್ಷದೊಳಗೆ ಹೆಂಡತಿ ಬಸುರಾದ ಗಂಡಸರನ್ನು ನೋಡಿ ಹಾಕಿದ ಗೆರೆ ಅದು, ಅವರಲ್ಲೂ ನೂರಕ್ಕೆ ಐದು ಜನ ಅದರ ಕೆಳಗೇ ಇದ್ದರು. ಹಾಗಾಗಿ ಗೆರೆ ದಾಟಿದರೆ ಗ್ಯಾರಂಟಿ ಇಲ್ಲ, ಕೆಳಗಿದ್ದರೆ ಆಸೆ ಬಿಡಬೇಕು ಅಂತಲೂ ಇಲ್ಲ. ವೀರ್ಯಾಣುವಿನೊಳಗಿನ ಡಿಎನ್‌ಎ ಹಾಳಾಗಿದ್ದರೆ ಈ ಸಾದಾ ಪರೀಕ್ಷೆಯಲ್ಲಿ ಕಾಣುವುದೇ ಇಲ್ಲ.

ದಿನಚರಿ ಕೇಳಿದೆ. ಬೆಳಗಿನ ಜಾವದಿಂದ ಒಲೆ ಮುಂದೆ, ಕಾದ ಮರಳಿನ ಝಳ ನೇರ ತೊಡೆಗೆ. ವೃಷಣಕ್ಕೆ ಮೈಗಿಂತ ಎರಡು-ಮೂರು ಡಿಗ್ರಿ ತಂಪು ಬೇಕು, ಅದಕ್ಕೇ ಅದು ಮೈಯಿಂದ ಹೊರಗೆ ಜೋತಿರುವುದು. ಮತ್ತೆ ಜೇಬಿನಲ್ಲಿ ಒಂದು ಪಾನ್ ಮಸಾಲ ಚೀಟಿ, ಒಂದು ತಂಬಾಕು ಚೀಟಿ, ಎರಡನ್ನೂ ಅಂಗೈಯಲ್ಲಿ ಬೆರೆಸಿ ಬಾಯಿಗೆ, ದಿನಕ್ಕೆ ಹತ್ತು ಸಲ. "ಗುಟ್ಕಾ ಬಂದ್ ಆಗಿದೆಯಲ್ಲ" ಅಂದರೆ "ಅದಕ್ಕೇ ಬೇರೆ ಬೇರೆ ಕೊಡ್ತಾರ್ರೀ" ಅಂತ ಉತ್ತರ! ನಿದ್ದೆ ಐದು ಗಂಟೆ, ಶನಿವಾರ ಕುಡಿತ.

ನಾನು ಹೇಳಿದ್ದಿಷ್ಟು. ತಂಬಾಕು ಪೂರ್ತಿ ಬಿಡಿ, ಒಬ್ಬರೇ ಆಗದಿದ್ದರೆ ಜಿಲ್ಲಾ ಆಸ್ಪತ್ರೆಯ ತಂಬಾಕು ಬಿಡಿಸುವ ಕೇಂದ್ರಕ್ಕೆ ಹೋಗಿ. ಕುಡಿತವೂ ಬೇಡ. ಒಲೆ ಕೆಲಸ ಸರದಿ ಮೇಲೆ ಹಂಚಿಕೊಳ್ಳಿ, ಮಧ್ಯೆ ಎದ್ದು ಗಾಳಿಗೆ ಬನ್ನಿ, ಬಿಗಿ ಒಳಉಡುಪು ಬೇಡ. ಗೆಳೆಯರು ಹೇಳಿದರೆಂದು "ಗಂಡಸುತನ"ದ ಇಂಜೆಕ್ಷನ್ ಹಾಕಿಸಿಕೊಳ್ಳಬೇಡಿ, ಹೊರಗಿನಿಂದ ಟೆಸ್ಟೋಸ್ಟಿರೋನ್ ಕೊಟ್ಟರೆ ವೀರ್ಯಾಣು ಆಗುವುದೇ ನಿಂತುಹೋಗಬಹುದು (ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ). ಒಂದು ವೀರ್ಯಾಣು ತಯಾರಾಗಲು 70 ದಿನದ ಮೇಲೆ ಬೇಕು, ಹಾಗಾಗಿ ವಾರಕ್ಕೆ ಫಲ ಕೇಳಬೇಡಿ. ಮೂರು ತಿಂಗಳ ನಂತರ, ಎರಡರಿಂದ ಏಳು ದಿನ ಸಂಗ ಬಿಟ್ಟು ಮತ್ತೆ ಪರೀಕ್ಷೆ. ಅಲ್ಲಿವರೆಗೆ ಡಾಕ್ಟರ್ ಹತ್ತಿರ ಹೋಗುವುದನ್ನು ನಿಲ್ಲಿಸಬೇಡಿ, ಹೆಂಡತಿಯ ವಯಸ್ಸೂ ನಿಲ್ಲುವುದಿಲ್ಲ.

ಮತ್ತೆ ಅತ್ತೆ. "ನಿನ್ನಲ್ಲೇ ಏನೋ ಐತಿ" ಅಂತ ಸೊಸೆಗೆ ಹೇಳುತ್ತಲೇ ಇದ್ದರಂತೆ. ಆ ಮಾತು ನಿಲ್ಲಿಸುವುದು ನಿಮ್ಮ ಕೆಲಸ ಅಂತ ಮಂಜಣ್ಣನಿಗೆ ನೇರವಾಗಿ ಹೇಳಿದೆ. ಗಲ್ಲದೊಳಗಿನ ತಂಬಾಕನ್ನು ನಾಲಿಗೆಯಿಂದ ಆಚೆ ಸರಿಸಿ, "ಆಯ್ತ್ರಿ" ಅಂದರು.

ಮೂರು ತಿಂಗಳಾದ ಮೇಲೆ ಚಲನೆ ಶೇ. 51. ಈ ಲೆಕ್ಕ ಸುಮ್ನೆ ಕೂಡ ಹೆಚ್ಚು-ಕಡಿಮೆ ಆಗುತ್ತದೆ ಅಂತ ಹೇಳಿದೆ. ಮಂಜಣ್ಣ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ, ಹಾಳೆಯನ್ನು ಈ ಸಲ ಮಡಿಚದೆ ಹೆಂಡತಿಯ ಚೀಲಕ್ಕೇ ಹಾಕಿದರು. ಗರ್ಭ ಇನ್ನೂ ನಿಂತಿಲ್ಲ, ಮುಂದಿನ ಭೇಟಿ ಡಾಕ್ಟರ್ ಜೊತೆ.